ಯೂನಿಫಾರ್ಮ್ ಇಲ್ಲದ ಅಮೃತಪ್ಪ

ಸುರಪುರದ ಕಡೆಯ ಅಮೃತಪ್ಪ ಸಿ.ವಿ. ರಾಮನ್ ನಗರದ ಒಂದು ಅಪಾರ್ಟ್‌ಮೆಂಟಿನ ಗೇಟಿಗೆ ಕಾವಲು ನಿಂತೇ ತಲೆ ಬೆಳ್ಳಗಾದವನು. ಮದುವೆಗೂ ನೀಲಿ ಯೂನಿಫಾರ್ಮಿನಲ್ಲೇ ಹೋಗಿ ಊಟದ ಮನೆಯಲ್ಲಿ ಜನರನ್ನು ಸಾಲು ಹಚ್ಚುತ್ತಿದ್ದ. ಹೆಂಡತಿ ಯಂಕಮ್ಮನನ್ನು ಆಸ್ಪತ್ರೆಗೆ ಸೇರಿಸುವಾಗ ನರ್ಸು ಅವನ ಹೆಸರು ಕೇಳಿದ್ದಕ್ಕೆ "ಸೆಕ್ಯೂರಿಟಿ" ಎಂದಿದ್ದ.

ಮಗಳು ಸೌಂದರ್ಯಾ ಬೆಳೆದದ್ದೇ ಬೆಂಗಳೂರಿನಲ್ಲಿ. ಬಟ್ಟೆ ಅಂಗಡಿ, ಡ್ರೈವಿಂಗ್ ಸ್ಕೂಲು, ಜಿಮ್ಮು ಎಲ್ಲ ಬಿಟ್ಟು ಈಗ ಕೇಕ್ ಅಂಗಡಿಯಲ್ಲಿದ್ದಳು.

"ಮಂದಿ ಕೇಳಿದ್ರ ನೀ ಏನಂತ ಹೇಳ್ಲಿ?" ಎಂದು ಅಪ್ಪ ರೇಗುತ್ತಿದ್ದ.

"ಸೌಂದರ್ಯಾ ಅಂತ ಹೇಳು. ಕೆಲ್ಸ ಸಂಜೆ ತನಕ ಅಷ್ಟೇ ಅಪ್ಪಾ. ಆಮೇಲೆ ನಾನು ನಾನೇ."

"ಮತ್ತ ಸಂಜೀತನ ಯಾರಿರ್ತೀ?"

ಅವಳು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಡುತ್ತಿದ್ದಳು.

ಈ ಸಲದ ತನ್ನ ಹುಟ್ಟುಹಬ್ಬಕ್ಕೆ ಅವಳು ತಾನೂ ರಜೆ ಹಾಕಿ, ಅಪ್ಪನಿಗೂ ಹಟ ಹಿಡಿದು ಹಾಕಿಸಿದಳು. ಹೂವಿನ ಚಿತ್ತಾರದ ಹೊಸ ಅಂಗಿ ತೊಡಿಸಿ, ಅಪ್ಪ ಅಮ್ಮನನ್ನು ಇಂದಿರಾನಗರದ ದೊಡ್ಡ ಹೋಟೆಲೊಂದಕ್ಕೆ ಕರೆದೊಯ್ದಳು. ಹೆಂಗಸರು ಟೇಬಲ್ ಹಿಡಿಯಲು ಒಳಗೆ ಹೋದರು. ಬಾಗಿಲಲ್ಲಿ ಕಾವಲಿನವನು ಕಾಣಲಿಲ್ಲ. ಅಷ್ಟರಲ್ಲಿ ಒಂದು ಕಾರು ಬಂತು. ಅಮೃತಪ್ಪನ ಕೈ ತಾನಾಗಿಯೇ ಎದ್ದಿತು.

"ಬರ್ಲಿ... ಬರ್ಲಿ... ಹಾಂ, ಸ್ಟಾಪ್!"

ಇಳಿದ ಯಜಮಾನರು ಕೀಲಿಯನ್ನು ಅವನ ಅಂಗೈಗೆ ಹಾಕಿ, "ನೆರಳಲ್ಲಿ ನಿಲ್ಸಪ್ಪ" ಎಂದು ಒಳಗೆ ನಡೆದುಬಿಟ್ಟರು.

ಅಮೃತಪ್ಪನಿಗೆ ಸೈಕಲ್ಲೂ ಸರಿಯಾಗಿ ಬಾರದು. ಹಿಂದೆ ನಿಂತ ವಾಹನಗಳು ಹಾರ್ನ್ ಬಾರಿಸತೊಡಗಿದವು. ಏನೂ ತೋಚದೆ ಒಂದೊಂದಕ್ಕೂ ಸೆಲ್ಯೂಟ್ ಹೊಡೆದ.

ಗದ್ದಲ ಕೇಳಿ ಸೌಂದರ್ಯಾ ಓಡಿ ಬಂದಳು. "ಯಾರ್ದಪ್ಪಾ ಈ ಕಾರು?"

"ಸಾಹೇಬ್ರದು."

"ಯಾವ ಸಾಹೇಬ್ರು?"

"ಗೊತ್ತಿಲ್ಲವ್ವ. ಕೀಲಿ ಕೊಟ್ಟು ಒಳಗ ಹ್ವಾದ್ರು."

ಡ್ರೈವಿಂಗ್ ಸ್ಕೂಲಿನ ಕೆಲಸ ಬಿಟ್ಟ ದಿನ ಅಪ್ಪ ಅವಳ ಮೇಲೆ ಸಿಟ್ಟಾಗಿ ಊಟ ಬಿಟ್ಟಿದ್ದ. ಅಲ್ಲಿ ಕಲಿತದ್ದು ಈಗ ಕೈ ಹಿಡಿಯಿತು. ಕಾರನ್ನು ಒಂದೇ ಸಲಕ್ಕೆ ಮರದ ಕೆಳಗೆ ಸೇರಿಸಿದಳು. ಅಷ್ಟು ಹೊತ್ತಿಗೆ ಹೋಟೆಲಿನ ಕಾವಲಿನವನು ಪೀರಪ್ಪ ಟೀ ಕುಡಿದು ಬಂದ. ಅಮೃತಪ್ಪ ಅವನಿಗೆ ಕೀಲಿ ಒಪ್ಪಿಸಿ, ಗೇಟು ಬಿಟ್ಟು ಹೋದದ್ದಕ್ಕೆ ಚೆನ್ನಾಗಿ ಬೈದು, ಒಳಗೆ ಹೋಗಿ ಊಟಕ್ಕೆ ಕೂತ.

ಪಕ್ಕದ ಟೇಬಲ್ಲಿನಲ್ಲೇ ಆ ಯಜಮಾನರು ಇರಬೇಕೆ! ಕೇಕ್ ತಿನ್ನುತ್ತಿದ್ದ ಅವನನ್ನು ಕಂಡು ಅವರ ಕಣ್ಣು ಕೆಂಪಾಯಿತು.

"ಏನಯ್ಯಾ, ಡ್ಯೂಟಿ ಟೈಮಲ್ಲಿ ಇಲ್ಲಿ ಕೂತ್ಕೊಂಡು ತಿಂತಾ ಇದ್ದೀಯಾ?"

ಅಮೃತಪ್ಪ ಥಟ್ಟನೆ ಎದ್ದು ನಿಂತ. ಸೌಂದರ್ಯಾ ಅಂಗಿ ಹಿಡಿದು ಜಗ್ಗಿದಳು. ಅವನು ಒಮ್ಮೆ ಮಗಳನ್ನು, ಒಮ್ಮೆ ಕೇಕನ್ನು ನೋಡಿ ಮೆಲ್ಲಗೆ ಕೂತ.

"ನಾ ಇವತ್ತ ರಜಾ ಅದೀನ್ರೀ," ಎಂದ. "ನಿಮ್ಮ ಗಾಡಿ ಪೀರಪ್ಪನ್ನ ಕೇಳ್ರಿ."

ಹೇಳಿದ ಮೇಲೆ ಅವನಿಗೇ ಬೆವರು ಬಂತು. ಯಂಕಮ್ಮ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಲೇ ಇದ್ದಳು.

ಈಗ ಅಮೃತಪ್ಪ ವಾರದ ರಜೆಯನ್ನು ತಪ್ಪದೆ ತೆಗೆದುಕೊಳ್ಳುತ್ತಾನೆ. ಹಲಸೂರು ಕೆರೆಯ ದಂಡೆಯಲ್ಲಿ ಕೂರುತ್ತಾನೆ. ಮೊದಲ ವಾರ ದೋಣಿಯವರಿಗೆ ಸಾಲಾಗಿ ನಿಲ್ಲಿಸಿ ಎಂದು ಹೇಳಿ ಬೈಸಿಕೊಂಡನಂತೆ. ಸೌಂದರ್ಯಾ ಕೇಕ್ ಅಂಗಡಿ ಬಿಡುವ ಯೋಚನೆಯಲ್ಲಿದ್ದಾಳೆ. ಅಪ್ಪನಿಗೆ ಇನ್ನೂ ಹೇಳಿಲ್ಲ.