ಚಿಕ್ಕಮ್ಮನ ಕೈಗೆ ಸಿಗದ ಕೊಲೆಗಾರ

ನಮ್ಮ ಚಿಕ್ಕಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಗೆ ಒತ್ತಿಕೊಂಡು ಮೋಟಾರಿನ ಹೊಲಿಗೆ ಮಿಷನ್ನು, ಅದರ ಪಕ್ಕ ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಅವಳ ಅತ್ತೆ. ನಾವೆಲ್ಲ ಅವರನ್ನು ಅಜ್ಜಿ ಎನ್ನುತ್ತೇವೆ. ಚಿಕ್ಕಮ್ಮ ಹೊಲಿಯಬೇಕು, ಅಜ್ಜಿ ಲೈಬ್ರರಿಯಿಂದ ತಂದ ಕೊಲೆ ಕಾದಂಬರಿಯನ್ನು ಗಟ್ಟಿಯಾಗಿ ಓದಬೇಕು. ಹೊಸ ಪುಸ್ತಕ ಬಂದ ದಿನ ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಕೇಳುವವರಿಲ್ಲ.

ಬರೀ ಕೊಲೆ ಇದ್ದರೆ ಸಾಲದು. ‘ನಾನು’ ಎಂದು ಕಥೆ ಹೇಳುವವನೇ ಏನನ್ನೋ ಮುಚ್ಚಿಡುತ್ತಿರಬೇಕು, ಅಂಥದ್ದೇ ಬೇಕು ಚಿಕ್ಕಮ್ಮನಿಗೆ. ಅದರಲ್ಲೇನು ಅಂಥ ಹುಚ್ಚು ಎಂದು ಒಮ್ಮೆ ಕೇಳಿದೆ.

“ದಿನಾ ನೋಡ್ತೀನಲ್ಲ,” ಎಂದಳು ಕೊರಳಿನ ಟೇಪು ಎಳೆದುಕೊಂಡು. “ಬಂದೋರೆಲ್ಲ ಸೊಂಟ ಹೋದ ವರ್ಷದಷ್ಟೇ ಇದೆ ಅಂತಾರೆ. ಸುಳ್ಳು ಹೇಳ್ತಿಲ್ಲ ಪಾಪ, ಹಾಗೇ ನಂಬಿರ್ತಾರೆ. ಟೇಪ್ ಸುತ್ತಿದಾಗ ನಿಜ ಹೊರಗೆ ಬರುತ್ತೆ. ಆ ಗಳಿಗೆ ಇದೆಯಲ್ಲ, ಅದಕ್ಕೋಸ್ಕರ ಕಣೇ.”

ಅರ್ಧ ಪುಸ್ತಕವಾಗುವ ಹೊತ್ತಿಗೆ ಮಿಷನ್ನು ನಿಲ್ಲಿಸಿ, ಕತ್ತರಿ ಎತ್ತಿ, ಕೊಂದವರು ಇಂಥವರೇ ಎಂದು ಸಾರಿಬಿಡುತ್ತಿದ್ದಳು. ಬಹುತೇಕ ಸರಿಯಾಗಿರುತ್ತಿತ್ತು. ಅವಳ ಜಂಬ ಸಹಿಸಿ ನಮಗೆಲ್ಲ ಸಾಕುಸಾಕಾಗಿತ್ತು. ಅಂಥವಳು ಈಚೆಗೆ ಒಬ್ಬನನ್ನೂ ಹಿಡಿಯಲಿಲ್ಲ. ಇವಳು ಡ್ರೈವರ್ ಎಂದರೆ ಕೊಂದದ್ದು ತಂಗಿ, ತಂಗಿ ಎಂದರೆ ಡಾಕ್ಟರು. ಪ್ರತಿ ಸಲವೂ ಮಣ್ಣು ಮುಕ್ಕಿದಳು. ಆದರೂ ಅವಳ ಉತ್ಸಾಹ ನೋಡಬೇಕಿತ್ತು! “ಈಗಿನೋರು ಏನ್ ಬರೀತಾರೆ ಅಂತೀಯಾ,” ಎಂದು ನನ್ನ ರಟ್ಟೆ ಹಿಡಿದು ಅಲುಗಿಸುತ್ತಿದ್ದಳು.

ಮೋಡ ಕವಿದ ಒಂದು ಸಂಜೆ ನಾನೂ ಅಲ್ಲೇ ಇದ್ದೆ. ಕಥೆ ಹೇಳುವ ನರ್ಸು ಆಸ್ಪತ್ರೆಯ ನೆಲಮಾಳಿಗೆಯ ಚಿಲಕಕ್ಕೆ ಕೈ ಹಾಕಿದ್ದಳು. ಆಗಲೇ ಕರೆಂಟು ಹೋಯಿತು. ಮಿಷನ್ನು ನಿಂತಿತು. ರೋಚಕ ಜಾಗ ಬಂದಾಗಲೆಲ್ಲ ಚಿಕ್ಕಮ್ಮ ಅದನ್ನು ನಿಲ್ಲಿಸುವುದು ರೂಢಿ, ಹಾಗಾಗಿ ಅಜ್ಜಿಗೆ ವಿಶೇಷವೆನಿಸಲಿಲ್ಲ. ಆ ಕತ್ತಲಲ್ಲೂ ಓದು ಮುಂದುವರಿಯಿತು.

“ಬಾಗಿಲು ಒಳಗಿನಿಂದ ತೆರೆದುಕೊಂಡಿತು. ಅಲ್ಲಿ ನಿಂತಿದ್ದವಳು ನಾನೇ.”

ಚಿಕ್ಕಮ್ಮ ಟಾರ್ಚ್ ಹಾಕಿದಳು. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದರು. ಮಡಿಲಲ್ಲಿ ತೆರೆದಿದ್ದದ್ದು ಪುಸ್ತಕದ ಮೊದಲ ಪುಟ.

“ಅತ್ತೆ, ಯಾವಾಗಿಂದ ಕಾಣ್ತಿಲ್ಲ?”

ಅಜ್ಜಿ ಪುಸ್ತಕ ಮುಚ್ಚಿದರು. “ವರ್ಷ ಆಗ್ತಾ ಬಂತು. ಅಕ್ಷರ ಎಲ್ಲ ಮಂಜು ಮಂಜು. ಓದೋಕೆ ಬರಲ್ಲ ಅಂದ್ರೆ ನನ್ನ ಕುರ್ಚಿ ಒಳಗಿನ ಕೋಣೆಗೆ ಹೋಗುತ್ತೆ. ಅಲ್ಲಿ ಗೋಡೆ ನೋಡ್ಕೊಂಡು ಕೂತಿರಬೇಕು.”

“ಮತ್ತೆ ಆ ಕೊಲೆಗಾರರೆಲ್ಲ?”

“ಕಥೆ ಎಲ್ಲ ನಾನೇ ಕಟ್ಟಿದ್ದು. ನೀನು ಯಾರನ್ನ ಹೇಳ್ತೀಯೋ ಅವರನ್ನ ಬಿಟ್ಟು ಇನ್ನೊಬ್ಬರು.”

ಚಿಕ್ಕಮ್ಮ ಬಿಟ್ಟ ಬಾಯಿ ಬಿಟ್ಟಂತೆ ಕೂತಳು. ಹೇಳುವವರನ್ನೇ ಮೊದಲು ಅನುಮಾನಿಸಬೇಕೆಂದು ಊರಿಗೆಲ್ಲ ಪಾಠ ಮಾಡಿದವಳು! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ನಕ್ಕಳು, ನಗುತ್ತಲೇ ಅತ್ತಳು. “ಕಣ್ಣು ಪೂರ್ತಿ ಹೋಗಿಬಿಟ್ಟಿದ್ರೆ ಏನ್ ಮಾಡ್ತಿದ್ರಿ ಅತ್ತೆ? ನಾಳೆನೇ ಡಾಕ್ಟರ ಹತ್ತಿರ ಹೋಗೋಣ.”

“ಕುರ್ಚಿ?”

“ಇದ್ದಲ್ಲೇ ಇರುತ್ತೆ. ಅದರ ಮೇಲೆ ಒಂದು ತುಂಡು ಬಟ್ಟೆನೂ ಇಡಲ್ಲ.”

ಎರಡೂ ಕಣ್ಣಿನಲ್ಲಿ ಪೊರೆ ಬೆಳೆದಿತ್ತು, ಆಪರೇಷನ್ ಮಾಡಿ ತೆಗೆದರು. ಅಜ್ಜಿ ಆಸ್ಪತ್ರೆಯಿಂದ ಬರುವತನಕ ಚಿಕ್ಕಮ್ಮ ಆ ಕುರ್ಚಿಯಲ್ಲಿ ಯಾರನ್ನೂ ಕೂರಿಸಲಿಲ್ಲ, ಗಿರಾಕಿಗಳು ನಿಂತೇ ಕಾದು ಅಳತೆ ಕೊಟ್ಟು ಹೋದರು. ಈಗ ಅಜ್ಜಿಗೆ ಪೇಪರಿನ ಸಣ್ಣ ಅಕ್ಷರವೂ ಕಾಣುತ್ತದೆ. ಮನೆಗೆ ಬಂದವರೇ ಅಂದು ಮಡಿಲಲ್ಲಿದ್ದ ಪುಸ್ತಕವನ್ನು ಮೊದಲಿನಿಂದ, ಇದ್ದದ್ದು ಇದ್ದ ಹಾಗೆ ಓದಿದರು. ಅರ್ಧಕ್ಕೇ ಚಿಕ್ಕಮ್ಮ ಕೊಲೆಗಾರನನ್ನು ಹಿಡಿದಳು. ಸರಿಯಾಗಿತ್ತು. ಜಂಬ ಮಾತ್ರ ಬರಲಿಲ್ಲ. ಸಪ್ಪೆ ಮುಖ ಮಾಡಿಕೊಂಡು ಗುಂಡಿ ಹಚ್ಚುತ್ತ ಕೂತಳು.

ಹೋದ ವಾರ ನಾನು ಹೋದಾಗ ಹೊಸ ಪುಸ್ತಕ ನಡೆದಿತ್ತು. ಚಿಕ್ಕಮ್ಮ ಕತ್ತರಿ ಎತ್ತಿ, “ತೋಟದ ಮಾಲಿನೇ, ಅನುಮಾನವೇ ಇಲ್ಲ,” ಎಂದಳು. ಅಜ್ಜಿ ಸೊಸೆಯ ಮುಖ ನೋಡಿದರು, ಪುಟ ನೋಡಿದರು, ಮತ್ತೆ ಓದತೊಡಗಿದರು. ಸ್ವಲ್ಪ ಹೊತ್ತಿಗೇ ಮಾಲಿ ಬಾವಿಯಲ್ಲಿ ಹೆಣವಾಗಿ ತೇಲಿದ.

ನಾನು ಅಜ್ಜಿಯ ಕೈ ನೋಡಿದೆ. ಆಗಿನಿಂದ ಒಂದು ಪುಟವೂ ತಿರುಗಿರಲಿಲ್ಲ. ಚಿಕ್ಕಮ್ಮನೂ ಆ ಕೈಯನ್ನೇ ನೋಡುತ್ತಿದ್ದಳು. ಮೆಲ್ಲಗೆ ಮಿಷನ್ನು ನಿಲ್ಲಿಸಿ, ಸ್ಟೂಲನ್ನು ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡು ಕೇಳಿದಳು:

“ಆಮೇಲೆ?”