ಗಂಗಿಯ ಕುಬಸಕ್ಕೆ ಹೊಲಿದ ಹೂಗಂಟಿನ ತೋರಣ

ನಮ್ಮ ಆಕಳು ಗೌರಿ ನನ್ನ ತೋರಣವನ್ನೇ ತಿಂದುಬಿಟ್ಟಿತು!

ತಮಾಷೆಯಲ್ಲ ತಂಗಿಯರೇ... ಮೊನ್ನೆ ಮಗಳು ಗಂಗಿಯ ಕುಬಸದ ದಿನ ಬೆಳಿಗ್ಗೆ ನಡೆದದ್ದು. (ಗೌರಿ ಆರಾಮಾಗಿದೆ, ಗಾಬರಿಯಾಗಬೇಡಿ.)

ಚೊಚ್ಚಲ ಬಸುರಿಗೆ ಉಡಿ ತುಂಬಬೇಕು, ಹಿರೇಬೆಂಡಿಗೇರಿಯಿಂದ ಬೀಗರು ಬರಬೇಕು. ಈ ಯುದ್ಧದ ಕಾಲದಲ್ಲಿ ಬಟ್ಟೆಗೆಲ್ಲ ಕಂಟ್ರೋಲು. ಮಗಳಿಗೆ ಹೊಸ ರೇಶ್ಮೆ ಸೀರೆ ಎಲ್ಲಿಂದ ತರಲಿ?

ಅವಳು ಕೂರುವ ಗೋಡೆಯನ್ನಾದರೂ ಚೆಂದ ಮಾಡೋಣವೆಂದು ಬಟ್ಟೆಯ ಹೂಗಂಟಿನ ತೋರಣ ಹೊಲಿದೆ. ಶಾಲೆಯ ಹುಡುಗಿಯರು ಜಡೆಗೆ ರಿಬ್ಬನ್ ಕಟ್ಟುತ್ತಾರಲ್ಲ, ಹಾಗೆ. ಹಳೇ ಕುಪ್ಪಸದ ತುಂಡುಗಳನ್ನು ನಡುವೆ ನೆರಿಗೆ ಹಿಡಿದು ದಾರಕ್ಕೆ ಪೋಣಿಸಿದ್ದು. ಕಲಿಸಿದವರು ಯಾರೂ ಇಲ್ಲ, ಬೆರಳಿಗೆ ಚುಚ್ಚಿಸಿಕೊಂಡೇ ಕಲಿತೆ.

ಆದರೆ ಹೂಗಂಟುಗಳು ಬಾಡಿದ ಎಲೆಯ ಹಾಗೆ ಜೋಲುತ್ತಿದ್ದವು. ಸೆಟೆದು ನಿಲ್ಲಲಿ ಎಂದು ಅನ್ನದ ಗಂಜಿಯಲ್ಲಿ ಅದ್ದಿ, ಗೌರಿ ಮೇಯುವ ಗೋದಲಿಯ ಮೇಲಿನ ಗಳಕ್ಕೆ ಒಣಗಹಾಕಿದೆ.

ನೋಡಿ ನನ್ನ ಬುದ್ಧಿ... ಗಂಜಿ ಕುಡಿದ ಬಟ್ಟೆಯನ್ನು ಆಕಳ ಬಾಯಿಗೇ ತೂಗುಹಾಕಿದ್ದೆ!

ಗಂಗಿಯ ಮುಖ ಸಪ್ಪಗಾಯಿತು. "ಯವ್ವಾ, ನಾ ಬೋಳು ಗ್ವಾಡಿಗೆ ಕುಂದರಬೇಕೇನ? ನಮ್ಮತ್ತಿ ಜೀವ ಇರೂತನಾ ಇದನ್ನ ಆಡತಾಳ."

ಅವಳ ಅತ್ತೆ ಬಸವ್ವನ ಬಾಯಿ ಬಲು ಹರಿತ.

ಅಷ್ಟರಲ್ಲಿ ಬೀಗತಿ ಬಸವ್ವ ಹೊಸ್ತಿಲಲ್ಲೇ ನಿಂತಿದ್ದಾರೆ! ಮೂಗಿನ ಮೇಲೆ ಇದ್ದಿಲಿನಿಂದ ಓಡುವ ಬಸ್ಸಿನ ಮಸಿ. ಗೌರಿಯ ಬಾಯಿಂದ ಜೋತಾಡುವ ಕೆಂಪು ಚೂರನ್ನು ನೋಡಿದರು, ಆಮೇಲೆ ನನ್ನನ್ನು.

"ಏನ್ರಿ ಬೀಗತಿ, ಮೊದಲ ಆಕಳ ಕುಬಸಾ ಮಾಡಿ ಮುಗಿಸೀರೇನ್ರಿ?"

ನಾನು ನೆಲ ನೋಡಿದೆ. ಅವರೋ ನಗು ತಡೆಯಲಾರದೆ ಅಲ್ಲೇ ಕುಳಿತುಬಿಟ್ಟರು!

ನಕ್ಕು ನಕ್ಕು ಕಣ್ಣೊರೆಸಿಕೊಂಡು ತಾವು ತಂದ ಗಂಟು ಬಿಚ್ಚಿದರು. ಸೊಸೆಯ ಉಡಿಗೆಂದು ತಂದ ಹಸಿರು ಖಣ, ಅದೇ ಕುಪ್ಪಸದ ಬಟ್ಟೆ, ತೆಗೆದು ನಡುವೆ ನೆರಿಗೆ ಮಾಡಿ ನನ್ನ ಮುಂದೆ ಹಿಡಿದರು.

"ಟಾಕು ಹಾಕ್ರಿ. ಸಡಿಲ ಹಸೀ ಹೊಲಿಗಿ ಸಾಕು. ಕತ್ತರಿ ಮಾತ್ರ ಮುಟ್ಟಬ್ಯಾಡ್ರಿ."

ಆಗ ನನಗೆ ಹೊಳೆಯಿತು! ಕುಬಸಕ್ಕೆ ಬರುವವರೆಲ್ಲ ಬಸುರಿಗೆಂದು ಒಂದು ಖಣ ತಂದೇ ತರುತ್ತಾರೆ. ಬಂದವರ ಕೈಯಿಂದ ಬಾಗಿಲಲ್ಲೇ ಇಸಿದುಕೊಂಡೆ. ಕಂಟ್ರೋಲಿಗೆ ಮೊದಲೇ ಕೊಂಡು ಅವರೆಲ್ಲ ಟ್ರಂಕಿನ ತಳದಲ್ಲಿ ಜೋಪಾನ ಮಾಡಿದ್ದ ಖಣಗಳು... ಹಸಿರು, ಕುಂಕುಮ, ನವಿಲುಗತ್ತಿನ ಬಣ್ಣ!

ಬೀಗತಿ ನೆರಿಗೆ ಹಿಡಿಯುತ್ತಾರೆ, ನಾನು ಸೂಜಿ ತೂರಿಸುತ್ತೇನೆ. "ಸಾವಕಾಶ್ರಿ, ನನ್ನ ಬೆರಳೂ ಪೋಣಿಸೀರಿ ಮತ್ತ!" ಎಂದು ಕಾಡುತ್ತಾರೆ.

ಗಂಗಿ ಮಣೆಯ ಮೇಲೆ ಕುಳಿತಾಗ ಹಿಂದಿನ ಗೋಡೆ ಕಾಣಲೇ ಇಲ್ಲ. ಬರೀ ಹೂಗಂಟು!

ಉಡಿ ತುಂಬುವ ಹೊತ್ತಿಗೆ ಬೀಗತಿ ತೋರಣ ಇಳಿಸಿ ಸೊಸೆಯ ಮಡಿಲ ಮೇಲೆ ಹಿಡಿದರು. ದಾರದ ತುದಿ ಎಳೆದರು ನೋಡಿ... ಸರ್ರನೆ ಬಂತು! ಒಂದೊಂದೇ ಹೂಗಂಟು ಅರಳಿ, ಇಡೀ ಖಣವಾಗಿ ಗಂಗಿಯ ಉಡಿಗೆ ಬೀಳುತ್ತಿದೆ. ಒಂದಕ್ಕೂ ಕತ್ತರಿಯ ಗಾಯವಿಲ್ಲ.

"ಗಂಗವ್ವಾ, ಊರಾಗ ಯಾರರ ಕೇಳಿದರ ನಾನ ಹೇಳತೇನಿ," ಎಂದರು ಬೀಗತಿ, "ನಿಮ್ಮವ್ವ ಗ್ವಾಡೀನ ಬಿಚ್ಚಿ ಉಡಿ ತುಂಬ್ಯಾಳಂತ."

ಗಂಗಿ ನಗುತ್ತಲೇ ಅತ್ತೆಯ ಭುಜಕ್ಕೆ ತಲೆ ಆನಿಸಿದಳು.

ತಂಗಿಯರೇ, ನಿಮ್ಮೂರಿನಲ್ಲಿ ಯಾರಾದರೂ ಇಂಥ ತೋರಣ ಹೊಲಿದದ್ದುಂಟೇ, ಅಥವಾ ನಾವಿಬ್ಬರು ಬೀಗತಿಯರೇ ಮೊದಲಿಗರೋ?