ಜೀವಕೋಶಗಳ ಹುಳಿಯೂಟ

ನನ್ನ ಓರಗಿತ್ತಿ ಏನನ್ನೂ ಚೆಲ್ಲುವವಳಲ್ಲ. ಸವೆದ ಸೋಪಿನ ಚೂರುಗಳನ್ನೆಲ್ಲ ಒತ್ತಿ ಹೊಸ ಸೋಪು ಮಾಡುತ್ತಾಳೆ. ಅತ್ತೆ ಅವಳಿಗೆ ‘ಚೆಲ್ಲದಮ್ಮ’ ಎಂದೇ ಹೆಸರಿಟ್ಟಿದ್ದಾರೆ. ಅವಳ ಜೊತೆ ಏಗುವುದೆಂದರೇನೆಂದು ಒಂದೇ ಅಡುಗೆಮನೆ ಹಂಚಿಕೊಂಡಿರುವ ನನ್ನನ್ನು ಕೇಳಬೇಕು.

ಅವಳ ಕೆಲಸ ಪ್ರಯೋಗಾಲಯದಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಕಣಗಳನ್ನು ಮಾಡಿ, ಮುಂದೊಂದು ದಿನ ಔಷಧಿಯಾಗಿ ಜೀವಕೋಶಕ್ಕೆ ತಲುಪಬೇಕಾದ ಆರ್‌ಎನ್‌ಎ ಎಂಬ ಸಂದೇಶದ ಎಳೆಯನ್ನು ಅವುಗಳೊಳಗೆ ತುಂಬುತ್ತಾಳೆ. ಕಣ ಹೊರಗೆ ಹಸುವಿನಷ್ಟು ಸಾಧು. ಕೋಶ ಅದನ್ನು ನುಂಗಿ, ಒಳಗಿನ ಪುಟ್ಟ ಚೀಲದಲ್ಲಿಟ್ಟು ಹುಳಿ ಸುರಿದಾಗ ಮಾತ್ರ ಅದಕ್ಕೆ ಪಿತ್ತ ನೆತ್ತಿಗೇರಬೇಕು. ಚೀಲ ಹರಿದು ಸರಕು ಇಳಿಸಬೇಕು. ಪರೀಕ್ಷೆಗೆ ತುಂಬುವ ಆರ್‌ಎನ್‌ಎಯಲ್ಲಿ ಹೊಳಪಿನ ಸಂದೇಶವಿರುವುದರಿಂದ, ಸರಕು ಇಳಿದರೆ ಕೋಶ ಹಸಿರಾಗಿ ಹೊಳೆಯುತ್ತದೆ. ಅವಳೇ ಹೊಂದಿಸಿದ ಹೊಸ ಕೊಬ್ಬು ಈ ಸಲ ಫಲ ಕೊಡದಿದ್ದರೆ ಅದನ್ನು ಕೈಬಿಡುವುದಾಗಿ ಅಲ್ಲಿನ ಮುಖ್ಯಸ್ಥೆ ಮೇಡಂ ಹೇಳಿದ್ದರು.

ಹೊಳೆಯಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಬರೀ ಅಮಾವಾಸ್ಯೆ. ಅವಳು ಮನೆಗೆ ಬಂದು, ಊಟವನ್ನೂ ಮಾಡದೆ ಗೋಡೆ ನೋಡುತ್ತ ಕುಳಿತಳು. ನನಗೇ ಕರುಳು ಚುರುಕ್ಕೆಂದಿತು. ಏನಾದರೂ ಮಾತಾಡಲಿ ಎಂದು, ಆ ಕೋಶಗಳಿಗೆ ಊಟ ಏನು ಹಾಕುತ್ತೀರಿ ಎಂದು ಕೇಳಿದೆ. ಅವು ಕೆಂಪು ದ್ರವದಲ್ಲಿ ಬೆಳೆಯುತ್ತವೆ, ದ್ರವ ಹಳೆಯದಾಗಿ ಹುಳಿಯಾದರೆ ಹಳದಿಗೆ ತಿರುಗುತ್ತದೆ, ಆಗ ಚೆಲ್ಲಿ ಹೊಸದು ಹಾಕಬೇಕು ಎಂದು ವಿವರಿಸುತ್ತಿದ್ದವಳು ನಡುವೆಯೇ ನಿಲ್ಲಿಸಿದಳು.

"ಹಳದಿ ಆಗಿತ್ತು ಕಣೆ," ಅಂದಳು. "ಇನ್ನೊಂದು ದಿನ ಬರುತ್ತೆ ಅಂತ ಬಿಟ್ಟೆ. ಚೆಲ್ಲೋಕೆ ಮನಸ್ಸೇ ಬರಲಿಲ್ಲ."

ಅಂದರೆ ಹುಳಿ ಹೊರಗೇ ಇತ್ತು. ಕಣಗಳು ಕೋಶದ ಬಾಗಿಲಲ್ಲೇ ಕೆರಳಿ, ಒಂದಕ್ಕೊಂದು ಅಂಟಿಕೊಂಡು, ಒಳಗೆ ಕಾಲಿಡುವ ಮೊದಲೇ ಕೆಟ್ಟಿದ್ದವು. ನನಗೆ ನಗು ತಡೆಯಲಾಗಲಿಲ್ಲ. ಅವಳು ಅಳುತ್ತಿದ್ದಳು.

ಮರುದಿನ ಮೇಡಂ ಮುಂದೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ಚೆನ್ನಾಗಿ ಬೈದು, ಇನ್ನೊಂದೇ ಒಂದು ಅವಕಾಶ ಕೊಟ್ಟರು. ಆಮೇಲೆ ದ್ರವದ ಬಣ್ಣ ತುಸು ಮಂಕಾದರೂ ಸಾಕು, ಕಣ್ಣು ಮುಚ್ಚಿಕೊಂಡು ಚೆಲ್ಲುತ್ತಿದ್ದಳಂತೆ. ಪ್ರತಿ ಸಲವೂ ಜೀವ ಹೋದಂತಾಗುತ್ತಿತ್ತಂತೆ.

ಕಡೆಗೊಂದು ದಿನ ಫೋನು ಬಂತು. ಕೋಶಗಳೆಲ್ಲ ಹಸಿರಾಗಿವೆ, ತನ್ನ ಕೊಬ್ಬನ್ನು ಕೈಬಿಡುವುದಿಲ್ಲವಂತೆ ಎಂದಳು. ಅತ್ತೆ ಫೋನು ಕಿತ್ತುಕೊಂಡು, ಈ ಔಷಧಿ ಇನ್ನು ಯಾರಿಗೆ ಕೊಡುತ್ತೀರಿ ಎಂದು ಕೇಳಿದರು. ಸದ್ಯಕ್ಕೆ ಯಾರಿಗೂ ಇಲ್ಲ, ಇಲಿಗೆ ಕೊಡುವುದಕ್ಕೇ ಇನ್ನೂ ಬೆಟ್ಟದಷ್ಟು ಕೆಲಸವಿದೆ ಎಂದು ಉತ್ತರ ಬಂತು.

"ಹಾಗಾದ್ರೆ ನೀನು ಅದನ್ನ ನೋಡ್ಕೋ," ಅಂದರು ಅತ್ತೆ. "ಮನೆ ಕೆಲಸ ನಾವು ಮಾಡ್ಕೋತೀವಿ."

ಅತ್ತೆ ‘ನಾವು’ ಎಂದರೆ ಅದು ನಾನೇ. ಆದರೂ ಆವತ್ತು ಮೂತಿ ತಿರುಗಿಸದೆ ಪೊರಕೆ ಹಿಡಿದೆ.